ಮೋನಪ್ಪ ಸಿಂಗರಿಸಿದ ಕೋವಿ

ಬಹಳ ಹಿಂದೆ, ನಮ್ಮ ತಾತನ ತಾತನೂ ಹುಟ್ಟಿರದ ಕಾಲದಲ್ಲಿ, ಕೆಂಬಾರೆ ಅಂತ ಒಂದು ರಾಜ್ಯವಿತ್ತು. ರಾಜ್ಯದ ಅಂಚಿನಲ್ಲಿ ಬೂದಿಗುಡ್ಡ, ಗುಡ್ಡದ ಗವಿಯಲ್ಲಿ ಹೊಗೆಸಿದ್ಧ ಅನ್ನುವ ಮಾಂತ್ರಿಕ. ಅವನಿಗೆ ಬೇಕಾಗಿದ್ದದ್ದು ಮಕ್ಕಳು. ಮಕ್ಕಳನ್ನು ಹೊತ್ತುಕೊಂಡು ಹೋಗಿ, ಕಲ್ಲು ಮಾಡಿ, ಗವಿಯ ಬಾಯಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದ. ಒಂದೊಂದು ಕಲ್ಲು ನಿಂತಾಗಲೂ ಅವನ ಆಯುಷ್ಯ ಅಷ್ಟಷ್ಟು ಹೆಚ್ಚುತ್ತಿತ್ತು.

ಇದನ್ನು ತಡೆಯಲು ರಾಜ ಒಂದು ಅಪ್ಪಣೆ ಹೊರಡಿಸಿದ್ದ. ಪ್ರತಿ ಮನೆಯ ಬಾಗಿಲ ಮೇಲೂ ಒಂದು ಕೋವಿ ಇರಬೇಕು. ಆ ಕೋವಿಗಳ ಕಬ್ಬಿಣಕ್ಕೆ ರಾಜಗುರುಗಳು ಮಂತ್ರ ಹಾಕಿದ್ದರು. ಮನೆಯ ಒಡೆಯ ಬಾಯಿಬಿಟ್ಟು ಕರೆಯದೆ ಮಾಂತ್ರಿಕ ಆ ಹೊಸಿಲು ದಾಟುವಂತಿರಲಿಲ್ಲ. ಜನ ಕೋವಿಯನ್ನು ತೂಗುಹಾಕಿದರು, ಧೂಳು ಹಿಡಿಯಲು ಬಿಟ್ಟರು, ನೆಮ್ಮದಿಯಾಗಿದ್ದರು.

ಧೂಳು ಹಿಡಿಯಲು ಬಿಡದವನು ಒಬ್ಬನೇ, ಬಡಗಿ ಮೋನಪ್ಪ. ಹಗಲೆಲ್ಲ ತೊಟ್ಟಿಲು, ಕಡಗೋಲು, ಮಣೆ ಮಾಡುವ ಕೆಲಸ. ಕೆಲಸ ಮುಗಿಯಿತೋ, ಕೋವಿ ಕೆಳಗಿಳಿಯಿತು ಅಂತಲೇ ಲೆಕ್ಕ. ಬಿಚ್ಚುವುದು, ಉಜ್ಜುವುದು, ಎಣ್ಣೆ ಹಚ್ಚುವುದು, ಮತ್ತೆ ಜೋಡಿಸುವುದು. ಬೇಟೆಗೆ ಹೋದವನಲ್ಲ, ಒಂದು ಗುಬ್ಬಿಯನ್ನೂ ಹೊಡೆದವನಲ್ಲ. ಮದ್ದುಗುಂಡು ಮನೆಯಲ್ಲಿ ಇರಲೇ ಇಲ್ಲ. ಸುಮ್ಮನೆ ಒಂದು ಹುಚ್ಚು. ಇನ್ನೂ ಚೆನ್ನಾಗಿ ಕಾಣಬೇಕು, ಇನ್ನೂ ನುಣ್ಣಗಾಗಬೇಕು, ಅಷ್ಟೇ. ಹೆಂಡತಿ ಈರಮ್ಮ, 'ನನ್ನ ಬದಲು ಅದಕ್ಕೇ ತಾಳಿ ಕಟ್ಟಬೇಕಿತ್ತು ನೀವು' ಅಂತ ಚುಡಾಯಿಸುತ್ತಿದ್ದಳು. ಅವರಿಗೆ ಚಿನ್ನವ್ವ ಅಂತ ಒಬ್ಬಳೇ ಮಗಳು. ಆಗತಾನೇ ಗೋಡೆ ಹಿಡಿದು ನಡೆಯಲು ಕಲಿತಿದ್ದಳು.

ಒಂದು ದಿನ ಜಗಲಿಯ ಮುಂದೆ ಸೌದೆ ಹೊತ್ತ ಮುದುಕಿ ಬಂದು ನಿಂತಳು. ಕೋವಿಯನ್ನು ನೋಡಿ, ಇಷ್ಟು ಅಂದದ ಕಬ್ಬಿಣಕ್ಕೆ ಇಂಥ ಹುಳ ತಿಂದ ಹಿಡಿಯೇ ಅಂತ ಲೊಚಗುಟ್ಟಿದಳು. ಹೊರೆಯಿಂದ ಒಂದು ಕಪ್ಪು ಕೊರಡು ತೆಗೆದುಕೊಟ್ಟಳು. ಮೋನಪ್ಪ ಅದರ ಮೇಲೆ ಬೆರಳಾಡಿಸಿದ. ಅಂಥ ಎಳೆ, ಅಂಥ ಹೊಳಪು ಅವನು ಕಂಡಿರಲಿಲ್ಲ. ಯಾರು ನೀನು, ಯಾವ ಊರು, ಪುಕ್ಕಟೆ ಯಾಕೆ ಕೊಡುತ್ತೀಯ ಅಂತ ಕೇಳಬೇಕಿತ್ತೋ ಬೇಡವೋ? ಕೇಳಲಿಲ್ಲ. ಉಳಿ ಹಿಡಿದು ಕೂತ. ಸಂಜೆಯ ಹೊತ್ತಿಗೆ ಕೋವಿಗೆ ಹೊಸ ಹಿಡಿ ಬಂದಿತ್ತು.

ಮಾರನೆಯ ಬೆಳಿಗ್ಗೆ ಈರಮ್ಮ ಬಾಗಿಲು ತೆಗೆದವಳು ಹಾಗೇ ನಿಂತಳು. ಅಡ್ಡಡ್ಡ ತೂಗುಹಾಕಿದ್ದ ಕೋವಿ ಮೂತಿ ಓರೆ ಮಾಡಿಕೊಂಡು ಒಳಮನೆಯ ಕಡೆ ತಿರುಗಿತ್ತು. ಮೋನಪ್ಪ, ಹೊಸ ಹಿಡಿ ಭಾರವಾಗಿರಬೇಕು, ವಾಲಿದೆ ಅಂದ. ನೆಟ್ಟಗೆ ಮಾಡಿದ. ಮಧ್ಯಾಹ್ನ ನೋಡಿದರೆ ಮತ್ತೆ ಓರೆ.

ಎರಡನೇ ಸಲ ಬಂದವನು ಬಳೆಗಾರ. ಬಳೆಯ ಮಲಾರದೊಳಗಿಂದ ಕೆಂಪು ಮಣಿಯೊಂದನ್ನು ತೆಗೆದು, ಇದನ್ನು ಕೋವಿಯ ನಳಿಗೆಯ ತುದಿಗೆ ಕೂರಿಸಪ್ಪಾ, ಗುರಿ ನೋಡಲು ಇದಕ್ಕಿಂತ ಒಳ್ಳೆಯದು ರಾಜನ ಹತ್ತಿರವೂ ಇಲ್ಲ ಅಂದ. ಬೇಡ ಅಂತ ಈರಮ್ಮ ಸನ್ನೆ ಮಾಡಿದಳು. ಮೋನಪ್ಪ ನೋಡದವನ ಹಾಗೆ ಮಾಡಿದ. ಮಣಿ ಕೂತಿತು. ಕೂತ ಮೇಲೆ ಅದು ರೆಪ್ಪೆ ಬಡಿಯಿತು.

ಹೌದು, ರೆಪ್ಪೆ ಬಡಿಯಿತು. ಅಂದಿನಿಂದ ಚಿನ್ನವ್ವ ಅಡುಗೆಮನೆಗೆ ಹೋದರೆ ಕೋವಿಯ ಮೂತಿ ಅಡುಗೆಮನೆಗೆ. ಹಿತ್ತಿಲಿಗೆ ಹೋದರೆ ಹಿತ್ತಿಲಿಗೆ. ಮಗುವನ್ನು ಪಕ್ಕದ ಮನೆಗೆ ಕೊಟ್ಟು ಬಂದರೆ, ಆ ಮನೆಯ ಕಡೆಯ ಗೋಡೆಗೆ ಮೂತಿ ಒತ್ತಿಕೊಂಡು ನಿಲ್ಲುತ್ತಿತ್ತು. ಈರಮ್ಮ ರಾತ್ರಿಯೆಲ್ಲ ಮಗುವಿನ ಪಕ್ಕ ಎದ್ದು ಕೂತಿರುತ್ತಿದ್ದಳು. ಮೋನಪ್ಪನೂ ಹೆದರಿದ, ಸುಳ್ಳು ಯಾಕೆ ಹೇಳಲಿ. ಆದರೂ, 'ಮದ್ದಿಲ್ಲ, ಗುಂಡಿಲ್ಲ, ಬರೀ ಕಬ್ಬಿಣ ಏನು ಮಾಡೀತು' ಅಂತ ಹೆಂಡತಿಗೆ ಸಮಾಧಾನ ಹೇಳಿದ.

ಮೂರನೇ ಸಲ ಬಂದವನು ಕುಲುಮೆಯ ಮಸಿ ಮೆತ್ತಿಕೊಂಡ ಕಮ್ಮಾರ. ಅವನು ಒಂದು ಕೋವಿಯ ಕುದುರೆ ತಂದಿದ್ದ. ಕುದುರೆ ಅಂದರೆ ಸವಾರಿ ಮಾಡುವುದಲ್ಲ ಮಾರಾಯರೇ, ಕೋವಿಯಲ್ಲಿ ಎಳೆದು ಬಿಟ್ಟರೆ ಬಡಿದು ಸಿಡಿಸುತ್ತದಲ್ಲ, ಆ ಕೊಕ್ಕೆ. ಬೆಳ್ಳಿಯ ಬಣ್ಣ, ಮುಟ್ಟಿದರೆ ನೀರಿನ ಹಾಗೆ ಜಾರುತ್ತಿತ್ತು. ಈರಮ್ಮ ಈ ಸಲ ಬಾಯಿಬಿಟ್ಟೇ ಹೇಳಿದಳು. ಮಗುವಿನ ಮೇಲೆ ಆಣೆ ಇಟ್ಟಳು. ಮೋನಪ್ಪ ಮುಟ್ಟುವುದಿಲ್ಲ ಅಂತ ಮಾತು ಕೊಟ್ಟ, ಕಮ್ಮಾರನನ್ನು ಕಳಿಸಿದ. ಆ ಪಾಪಿ ಕುದುರೆಯನ್ನು ಜಗಲಿಯ ಮೇಲೇ ಬಿಟ್ಟು ಹೋಗಿದ್ದ. ಹೆಂಡತಿ ನೀರಿಗೆ ಹೋದಾಗ ಮೋನಪ್ಪ ಅದನ್ನು ಎತ್ತಿಕೊಂಡ. ಹೊಂದುತ್ತದೋ ಇಲ್ಲವೋ, ಒಂದೇ ಒಂದು ಸಲ ನೋಡಿ ತೆಗೆದುಬಿಡೋಣ ಅಂದುಕೊಂಡ. ಈ ಹುಚ್ಚು ಇರುವವರೆಲ್ಲ ಅಂದುಕೊಳ್ಳುವುದೇ ಹೀಗೆ. ಕಟ್ ಅಂತ ಕೂತಿತು, ತೆಗೆಯಲು ಹೋದರೆ ಬರಲಿಲ್ಲ.

ನಳಿಗೆಯೊಳಗೆ ಏನೋ ಉರುಳಿದ ಸದ್ದಾಯಿತು. ಮೋನಪ್ಪ ಗಜ ಅನ್ನುವ ಉದ್ದನೆಯ ಕಡ್ಡಿಯನ್ನು ನಳಿಗೆಗೆ ಇಳಿಬಿಟ್ಟು ನೋಡಿದ. ಖಾಲಿ ಕೋವಿಯಲ್ಲಿ ಗಜ ಪೂರ್ತಿ ಇಳಿಯಬೇಕು. ನಾಲ್ಕು ಬೆರಳು ಹೊರಗೇ ನಿಂತಿತು. ಯಾರೂ ತುಂಬದ ಮದ್ದು, ಯಾರೂ ಹಾಕದ ಗುಂಡು ಒಳಗೆ ಬಂದು ಕೂತಿದ್ದವು.

ಅಷ್ಟರಲ್ಲಿ ಅಂಗಳದಲ್ಲಿ ಹೊಗೆ ಎದ್ದಿತು. ಹೊಗೆಯಲ್ಲಿ ಮುದುಕಿಯ ಮುಖ ಬಂತು, ಬಳೆಗಾರನ ಮುಖ ಬಂತು, ಕಮ್ಮಾರನ ಮುಖ ಬಂತು. ಕೊನೆಗೆ ನಿಂತದ್ದು ಹೊಗೆಸಿದ್ಧ, ಬೂದಿ ಮೆತ್ತಿದ ಜಡೆ, ಕಣ್ಣಿನಲ್ಲಿ ಕರಿಗುಡ್ಡೆಯೇ ಇಲ್ಲ.

"ಹಿಡಿ ಕೇಳುತ್ತದೆ, ಮಣಿ ನೋಡುತ್ತದೆ, ಕುದುರೆ ಕಾಯುತ್ತದೆ" ಅಂದ. "ಒಡೆಯನ ಪ್ರೀತಿ ಯಾರ ಮೇಲಿದೆಯೋ ಅವರ ಮೇಲೆ ಅದರ ಗುರಿ. ಹುಣ್ಣಿಮೆಯ ಮಧ್ಯಾಹ್ನ ಸಿಡಿಯುತ್ತದೆ. ಮಗು ಉಳಿಯಬೇಕಾದರೆ ನನ್ನನ್ನು ಒಳಗೆ ಕರೆದು ಅವಳನ್ನು ನನ್ನ ಕೈಗೆ ಕೊಡು. ಕಲ್ಲಾದರೂ ಆಗಿರುತ್ತಾಳೆ, ಸಾಯುವುದಿಲ್ಲ."

ಮೋನಪ್ಪ ಕೋವಿಯನ್ನು ಬಾವಿಗೆ ಎಸೆದ. ಮಾರನೆಯ ದಿನ ಅದು ಬಾಗಿಲ ಮೇಲಿತ್ತು, ನೀರು ತೊಟ್ಟಿಕ್ಕುತ್ತಿತ್ತು. ಬೆಂಕಿಗೆ ಹಾಕಿದ. ಬೂದಿಯನ್ನೆಲ್ಲ ಒದರಿಕೊಂಡು ಮತ್ತೆ ಬಾಗಿಲಿಗೆ ಬಂತು. ಮೂರನೇ ಸಲ ಅರ ಹಿಡಿದು ಕುದುರೆಯನ್ನು ಕುಯ್ಯಲು ಕೂತ. ಅರ ಒಂದೆಳೆ ಎಳೆದನೋ ಇಲ್ಲವೋ, ಒಳಗೆ ಚಿನ್ನವ್ವ ಎದೆ ಹಿಡಿದುಕೊಂಡು ಕಿರುಚಿದಳು. ಅರ ಅವನ ಕೈಯಿಂದ ಬಿತ್ತು. ಮಗುವಿನ ಮುಂದೆ ತಾನೇ ಅಡ್ಡ ನಿಂತರೆ ಕೋವಿ ಅವನನ್ನು ಸುತ್ತಿಕೊಂಡು ಈಚೆಗೆ ಬರುತ್ತಿತ್ತು. ಗಂಡಹೆಂಡತಿ ಇಬ್ಬರೂ ಮಗುವನ್ನು ನಡುವೆ ಹಾಕಿಕೊಂಡು ಕೂತರು. ಮೋನಪ್ಪ ಅತ್ತ. ನನ್ನ ಕೈಯಾರೆ ಮಾಡಿದೆನಲ್ಲ, ಬೇಡ ಅಂತ ನೀನು ಆಣೆಯಿಟ್ಟರೂ ಮಾಡಿದೆನಲ್ಲ ಅಂತ ಹಣೆ ಚಚ್ಚಿಕೊಂಡ.

ಈರಮ್ಮ ಅವನನ್ನು ಬೈಯಲಿಲ್ಲ. "ಒಡೆಯನ ಪ್ರೀತಿ ಅಂದನಲ್ಲ ಅವನು" ಅಂದಳು. "ಒಡೆಯ ನೀವೇ ಆಗಿರಬೇಕು ಅಂತ ಏನಿದೆ?"

ಆ ರಾಜ್ಯದಲ್ಲಿ ಕೋವಿ ಕೈ ಬದಲಾಗಲು ಒಂದು ರೀತಿಯಿತ್ತು. ಕೊಡುವವನು ಹೊಸಿಲೊಳಗೆ ನಿಂತು ಎರಡು ಕೈಯಲ್ಲಿ ಹಿಡಿದು 'ಇಂದಿನಿಂದ ನಿನ್ನದು' ಅನ್ನಬೇಕು. ತೆಗೆದುಕೊಳ್ಳುವವನು ಕಣ್ಣಿಗೆ ಒತ್ತಿಕೊಂಡು 'ನನ್ನದು' ಅನ್ನಬೇಕು. ಆಮೇಲೆ ಕೊಟ್ಟವನೇ ಮತ್ತೆ ಕೈಚಾಚಿ ಪಡೆಯುವವರೆಗೆ ಅದು ತೆಗೆದುಕೊಂಡವನ ಮೈಗೆ ಅಂಟಿದ ಹಾಗೆ. ಕೋವಿಯನ್ನು ಮಾಂತ್ರಿಕನಿಗೇ ಕೊಟ್ಟುಬಿಡಬೇಕು ಅನ್ನುವುದು ಈರಮ್ಮನ ಯೋಚನೆ. ಆದರೆ ಅದಕ್ಕೆ ಅವನನ್ನು ಒಳಗೆ ಕರೆಯಬೇಕು. ಕರೆದ ಮೇಲೆ ಅವನು ಕೋವಿ ಬೇಡ ಅಂದರೆ ಮಗು ಹೋಯಿತು. ಬೇರೆ ದಾರಿ ಇಬ್ಬರಿಗೂ ಹೊಳೆಯಲಿಲ್ಲ.

ಹುಣ್ಣಿಮೆಯ ಮಧ್ಯಾಹ್ನ ಹೊಗೆಸಿದ್ಧ ಬಂದ. ಕೋವಿಯ ಕುದುರೆ ತಾನಾಗಿ ಹಿಂದಕ್ಕೆ ಜಗ್ಗಿಕೊಂಡು ನಿಂತಿತ್ತು. ಮೋನಪ್ಪ ಹೊಸಿಲೊಳಗೆ ಬಂದು ನಿಂತ. ಹೇಗೋ "ಒಳಗೆ ಬಾ" ಅಂದ. ಮಾಂತ್ರಿಕ ಹೊಸಿಲು ದಾಟಿದ. ಒಲೆಯ ಬೆಂಕಿ ಆರಿತು, ಗಡಿಗೆಯ ನೀರು ಕಪ್ಪಾಯಿತು. ಈರಮ್ಮ ಮಗುವನ್ನು ಎದೆಗೆ ಅವುಚಿಕೊಂಡು ಗೋಡೆಗೆ ಒರಗಿ ನಿಂತಿದ್ದಳು.

ಮಗು ಕೊಟ್ಟ ಮೇಲೆ ಈ ಕೋವಿ ನನಗೆ ಯಾಕೆ, ಮೊದಲು ಇದನ್ನು ತೆಗೆದುಕೊಂಡುಬಿಡು ಅಂದ ಮೋನಪ್ಪ. ಹೊಗೆಸಿದ್ಧನ ಮುಖ ಅರಳಿತು. ಮಂತ್ರದ ಕೋವಿಯ ಒಡೆಯನಾದರೆ ಯಾರೂ ಕರೆಯದೆಯೇ ಯಾವ ಮನೆಗಾದರೂ ನುಗ್ಗಬಹುದಿತ್ತು. ಕೈಚಾಚಿದವನು ಒಂದು ಕ್ಷಣ ತಡೆದು, ಮೋನಪ್ಪನ ಕಣ್ಣನ್ನೇ ನೋಡಿ ನಕ್ಕ.

"ನಿನ್ನ ಉಪಾಯ ತಿಳಿಯಿತು. ನನ್ನ ಪ್ರೀತಿಯವರನ್ನು ಅದು ಕೊಲ್ಲಲಿ ಅಂತ ತಾನೇ? ನನಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಹೆತ್ತವರ ನೆನಪೂ ಇಲ್ಲ. ಈ ಲೋಕದಲ್ಲಿ ನಾನು ಪ್ರೀತಿಸುವವರು ಯಾರೂ ಇಲ್ಲ."

"ಇಂದಿನಿಂದ ನಿನ್ನದು" ಅಂದ ಮೋನಪ್ಪ.

ಹೊಗೆಸಿದ್ಧ ಕಣ್ಣಿಗೊತ್ತಿಕೊಂಡು "ನನ್ನದು" ಅಂದ.

ಕೋವಿ ಚಿನ್ನವ್ವನಿಂದ ಮೂತಿ ತೆಗೆಯಿತು. ಮೆಲ್ಲಗೆ, ಬಾಗಿಲು ಗೋಡೆ ಎಲ್ಲವನ್ನೂ ದಾಟಿ, ಅವನ ಕೈಯಲ್ಲೇ ಹೊರಳಿ, ಅವನ ಎದೆಗೆ ಬಂದು ನಿಂತಿತು.

ಅವನು ಅದನ್ನು ಎಸೆದ, ಅದು ಕೈಗೇ ಬಂತು. ನರಿಯಾದ, ನರಿಯ ಎದೆಗೆ ಗುರಿ. ಹದ್ದಾದ, ಹದ್ದಿನ ಎದೆಗೆ ಗುರಿ. ಹೊಗೆಯಾದ, ಹೊಗೆಯ ನಡುವಿಗೇ ಗುರಿ. ಮತ್ತೆ ಮನುಷ್ಯನಾಗಿ ಚಿನ್ನವ್ವನ ಕಡೆ ತಿರುಗಿ, ಅವಳನ್ನಾದರೂ ಪ್ರೀತಿಸಲು ನೋಡಿದ. ಮುಖ ಸಿಹಿ ಮಾಡಿಕೊಂಡ, ಬಾ ಕಂದಾ ಅಂದ. ಈರಮ್ಮ ಮಗುವಿನ ಮುಖವನ್ನು ಸೆರಗಿನಿಂದ ಮುಚ್ಚಿದಳು. ಮೂತಿ ಅರ್ಧ ಬೆರಳಿನಷ್ಟೂ ಅಲುಗಲಿಲ್ಲ.

ಆಗ ಅವನು ಮಂಡಿಯೂರಿ ಕೋವಿಯನ್ನು ಮೋನಪ್ಪನ ಮುಂದೆ ಚಾಚಿದ. ವಾಪಸ್ ತೆಗೆದುಕೋ, ಎಲ್ಲ ಮಂತ್ರವನ್ನೂ ಬಿಡಿಸಿ ಕೊಡುತ್ತೇನೆ, ಮೂರು ಲೋಕದಲ್ಲೂ ಇಂಥ ಕೋವಿ ಇನ್ನೊಂದಿರುವುದಿಲ್ಲ ಅಂದ. ಕಪ್ಪು ಹಿಡಿ ಬಿಸಿಲಿಗೆ ಮಿನುಗಿತು. ನಿಜ ಹೇಳುತ್ತೇನೆ, ಮೋನಪ್ಪನ ಬೆರಳು ತುರಿಸಿದವು. ಕೈ ಎದ್ದೂ ಎದ್ದಿತು. ಎದ್ದ ಕೈಯನ್ನು ಅವನು ಮಗಳ ಕಡೆ ಚಾಚಿದ, ಅವಳನ್ನು ಎತ್ತಿಕೊಂಡು ಮುಖವನ್ನು ತನ್ನ ಹೆಗಲಿಗೆ ಒತ್ತಿ ಹಿಡಿದ.

ಹಿಂದೆ ಕುದುರೆ ಬಡಿದ ಸದ್ದು ಕೇಳಿಸಿತು. ತಿರುಗಿ ನೋಡಿದಾಗ ನೆಲದ ಮೇಲೆ ಒಂದು ಹಿಡಿ ಬೂದಿ, ಒಂದು ಸೀಳಿಹೋದ ನಳಿಗೆ.

ಬೂದಿಗುಡ್ಡದಲ್ಲಿ ಕಲ್ಲುಗಳು ಒಂದೊಂದಾಗಿ ಮೈಮುರಿದು ಮಕ್ಕಳಾದವು. ಅಳುತ್ತ, ನಗುತ್ತ, ಹಸಿವು ಅನ್ನುತ್ತ ಇಳಿದು ಬಂದವು. ಕೆಂಬಾರೆಯ ಮನೆಮನೆಯಲ್ಲೂ ಅಂದು ಪಾಯಸ. ಮೋನಪ್ಪ ಮತ್ತೆ ಕೋವಿ ಮುಟ್ಟಲಿಲ್ಲ. ಆದರೆ ಭಯ ಅಷ್ಟು ಬೇಗ ಬಿಡುತ್ತದೆಯೇ? ಚಿನ್ನವ್ವ ಅಂಗಳದಲ್ಲಿ ಓಡಿದಾಗಲೆಲ್ಲ ಅವನ ಕಣ್ಣು ಮೊದಲು ಹೋಗುತ್ತಿದ್ದದ್ದು ಖಾಲಿ ಬಾಗಿಲ ಮೇಲಕ್ಕೆ, ಆಮೇಲೆ ಮಗಳ ಕಡೆಗೆ. ಅವಳು ಲಂಗ ಉಡುವಷ್ಟು ದೊಡ್ಡವಳಾದ ಮೇಲೆ ಒಂದು ಬೆಳಿಗ್ಗೆ, ಅವಳು ಕೋಳಿ ಅಟ್ಟಿಕೊಂಡು ಓಡುತ್ತಿದ್ದಳು. ಅವನು ಮೇಲೆ ನೋಡುವುದನ್ನು ಮರೆತ. ಮಗಳು ಓಡುವುದನ್ನಷ್ಟೇ ನೋಡುತ್ತ ನಿಂತ. ಅಲ್ಲಿಂದಾಚೆಗೆ ಅವರು ಸುಖವಾಗಿದ್ದರು. ಕೇಳಿದ ನಿಮ್ಮ ಮನೆಯಲ್ಲೂ ಹೇಳಿದ ನನ್ನ ಮನೆಯಲ್ಲೂ ಮಕ್ಕಳು ಹಾಗೇ ಓಡಾಡಿಕೊಂಡಿರಲಿ.