ಮೊದಲು ದಾರವೋ, ಬ್ರಷ್ಷೋ?

"ಏಯ್, ಮುಕ್ಕಳಿಸಬೇಡ!"

ಆಡ್ರಾ ನೀರಿನ ಲೋಟವನ್ನು ತುಟಿಯ ಹತ್ತಿರ ತಂದಿದ್ದಳು. ಕೈ ಅಲ್ಲೇ ನಿಂತಿತು.

ಅಮ್ಮ ಬಾತ್‌ಟಬ್ಬಿನ ಅಂಚಿನ ಮೇಲೆ ಕೂತು, ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಿದ್ದಳು. ಅವಳದು ಬೇಕರಿ ಕೆಲಸ. ಡುಲೂತ್ ಊರಿನವರು ಏಳುವಷ್ಟರಲ್ಲಿ ಬ್ರೆಡ್ ಬಿಸಿಯಾಗಿರಬೇಕೆಂದರೆ ಅಮ್ಮ ಕತ್ತಲಲ್ಲೇ ಏಳಬೇಕು. ಕಣ್ಣು ಮುಚ್ಚಿದ್ದರೂ ಅವಳ ಕಿವಿ ಮಾತ್ರ ಎಚ್ಚರವಾಗಿರುತ್ತಿತ್ತು.

"ಪೇಸ್ಟು ಹಲ್ಲಿನ ಮೇಲೆ ಕೂತು ಕೆಲಸ ಮಾಡ್ಬೇಕು ಕಣೇ. ತೊಳೆದುಬಿಟ್ರೆ ಹಚ್ಚಿ ಏನು ಬಂತು? ಬರೀ ಉಗುಳು. ಹಲ್ಲಿನ ಸಂದಿಗೆ ದಾರ ಹಾಕಿದ್ಯಾ?"

"ಈಗ ಹಾಕ್ತೀನಿ."

"ಈಗ್ಲಾ? ದಾರ ಮೊದ್ಲು, ಬ್ರಷ್ ಆಮೇಲೆ. ಎಷ್ಟು ಸಲ ಹೇಳೋದು ಚಿನ್ನಾ? ನಿಮ್ಮಪ್ಪನ ಮನೇಲೂ ಹೀಗೇ ತಾನೇ ಮಾಡೋದು?"

"ಹೂಂ, ಅಲ್ಲೂ ಹೀಗೇ" ಎಂದಳು ಆಡ್ರಾ, ಕನ್ನಡಿಯ ಕಡೆ ನೋಡದೆ.

ಅಲ್ಲಿ ಹೀಗಿರಲಿಲ್ಲ. ಆಡ್ರಾ ಒಂದು ವಾರ ಅಮ್ಮನ ಮನೆಯಲ್ಲಿ, ಒಂದು ವಾರ ಅಪ್ಪನ ಮನೆಯಲ್ಲಿ ಇರುತ್ತಿದ್ದಳು. ಭಾನುವಾರ ಸಂಜೆ ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗಿನಲ್ಲಿ ಒಂದು ಕಾರಿನಿಂದ ಇಳಿದು ಇನ್ನೊಂದನ್ನು ಹತ್ತುವುದು. ಅಪ್ಪನ ಮನೆಯಲ್ಲಿ ಬ್ರಷ್ ಮೊದಲು. ಆಮೇಲೆ ಗಳಗಳ ಮುಕ್ಕಳಿಸುವುದು, ಆಮೇಲೆ ನೀಲಿ ಮೌತ್‌ವಾಶ್. ನಿದ್ದೆ ಬಾರದಿದ್ದರೆ ದಾರ. ನಿದ್ದೆ ಬಾರದ ದಿನವೇ ಇರಲಿಲ್ಲ.

ಅಪ್ಪ ಕೇಳಿದಾಗಲೂ ಅವಳದು ಅದೇ ಉತ್ತರ: "ಅಮ್ಮನೂ ಹೀಗೇ ಮಾಡಿಸ್ತಾಳೆ."

ಹೋದ ತಿಂಗಳು ದವಡೆಯ ಎರಡು ಹಲ್ಲುಗಳ ನಡುವೆ ಹುಳುಕು ಕಂಡಿತ್ತು. ಕ್ಲಿನಿಕ್ಕಿನ ಹೊರಗೆ, ಸುರಿಯುವ ಹಿಮದಲ್ಲೇ ಅಪ್ಪ ಅಮ್ಮ "ನಿನ್ನ ಮನೇಲೇ ಆಗಿದ್ದು", "ಅಲ್ಲ, ನಿನ್ನ ಮನೇಲಿ" ಎಂದು ಮಾತಿಗೆ ಮಾತು ಬೆಳೆಸಿದ್ದರು. ಇನ್ನೊಂದು ಸಲ ಹಾಗಾಗಬಾರದು ಎಂದು ಆಡ್ರಾ ಎರಡೂ ಕಡೆ "ಹೀಗೇ, ಹೀಗೇ" ಎನ್ನುತ್ತ ಬಂದಿದ್ದಳು. ಎರಡು ಮನೆಯ ಪದ್ಧತಿ ನೆನಪಿಟ್ಟುಕೊಳ್ಳುವುದೇ ಅವಳಿಗೆ ಸಾಕುಸಾಕಾಗಿತ್ತು.

ಮುಂದಿನ ವಾರ ಅಪ್ಪನ ಮನೆ. ರಸ್ತೆಯ ಹಿಮ ತೆಗೆಯುವ ಟ್ರಕ್ಕುಗಳನ್ನು ರಿಪೇರಿ ಮಾಡಿ ಸುಸ್ತಾಗಿದ್ದ ಅಪ್ಪ, ಟೀವಿಯಲ್ಲಿ ಐಸ್ ಹಾಕಿ ಆಟ ನೋಡುತ್ತಲೇ ತೂಕಡಿಸಿದ. ಆಡ್ರಾ ಪಾಪ್‌ಕಾರ್ನ್ ಬಟ್ಟಲು ಖಾಲಿ ಮಾಡಿದಳು. ಆಮೇಲೆ ಬ್ರಷ್, ನೀರು, ನೀಲಿ ಔಷಧ ಎಲ್ಲ ಮುಗಿಯಿತು.

ಆದರೆ ನಾಲಗೆಗೆ ಏನೋ ತಾಗಿತು. ಹುಳುಕಾಗಿದ್ದ ಹಲ್ಲಿನ ಸಂದಿಯಲ್ಲೇ! ದಾರ ಹಾಕಿ ಎಳೆದರೆ ಪಾಪ್‌ಕಾರ್ನ್ ಸಿಪ್ಪೆ ಬಂತು. ಜೊತೆಗೆ ಬಂದ ಅಂಟಂಟು ಹಿಟ್ಟು ಉಜ್ಜಿದ ಹಲ್ಲಿಗೆಲ್ಲ ಮೆತ್ತಿಕೊಂಡಿತು. ಮುಕ್ಕಳಿಸಿಬಿಟ್ಟಿದ್ದರಿಂದ ಬಾಯಲ್ಲಿ ಪೇಸ್ಟಿನ ಹನಿಯೂ ಇರಲಿಲ್ಲ.

ಆಡ್ರಾ ನಿಟ್ಟುಸಿರಿಟ್ಟು ಮತ್ತೆ ಬ್ರಷ್ಷಿಗೆ ಪೇಸ್ಟ್ ಹಾಕಿದಳು.

"ಮತ್ತೆ ಬ್ರಷ್ಷಾ?" ಅಪ್ಪ ಬಾಗಿಲಲ್ಲಿ ನಿಂತಿದ್ದ. "ಹಲ್ಲು ಸವೆದು ಅಜ್ಜಿ ಆಗ್ತೀಯ ಮರೀ."

"ಅಪ್ಪಾ, ನಾವು ಮಾಡ್ತಿರೋದು ಉಲ್ಟಾ."

"ನಿಮ್ಮಮ್ಮನೂ ಹೀಗೇ ಮಾಡಿಸ್ತಾಳೆ ಅಂದಿದ್ಯಲ್ಲ?"

ಆಡ್ರಾ ಬ್ರಷ್ ಕೆಳಗಿಟ್ಟಳು. "ಇಲ್ಲ. ಅಲ್ಲಿ ದಾರ ಮೊದ್ಲು. ಕೊನೇಲಿ ಮುಕ್ಕಳಿಸೋ ಹಾಗೇ ಇಲ್ಲ."

"ಮತ್ತೆ ನಂಗ್ಯಾಕೆ ಸುಳ್ಳು ಹೇಳ್ದೆ?"

"ಅಮ್ಮಂಗೂ ಹೇಳಿದೀನಿ."

ಅಪ್ಪ ಫೋನ್ ತೆಗೆದ. ಅಪ್ಪ ಸ್ಪೀಕರ್ ಹಾಕಿ ಫೋನನ್ನು ಸೋಪಿನ ಪಕ್ಕ ಇಟ್ಟ.

"ಮಾರ್ನಿ, ಮಲಗಿಬಿಟ್ಯಾ? ನಮ್ಮ ಮಗಳು ಇಬ್ಬರಿಗೂ ಟೋಪಿ ಹಾಕಿದಾಳೆ."

ವಿಷಯವೆಲ್ಲ ಕೇಳಿ ಅಮ್ಮ ಶುರುಮಾಡಿದಳು, "ಅಂದ್ರೆ ನಿನ್ನ ಮನೇಲಿ..."

"ಸಾಕು!" ಆಡ್ರಾ ಫೋನಿನ ಕಡೆ ಬಾಗಿದಳು. "ವಾರ ವಾರ ಹೊಸದಾಗಿ ಕಲಿತು ಕಲಿತು ನಂಗೆ ಸಾಕಾಗಿದೆ. ಮನೆ ಎರಡಿದ್ರೂ ಬಾಯಿ ಒಂದೇ ತಾನೇ ಇರೋದು?"

ಫೋನಿನೊಳಗಿನಿಂದ ಉದ್ದನೆಯ ಆಕಳಿಕೆ ಕೇಳಿತು. ಅದನ್ನು ಕೇಳಿ ಅಪ್ಪನೂ ಆಕಳಿಸಿದ. ಅವನ ಕಣ್ಣು ಕೆಂಪಾಗಿದ್ದನ್ನು ಆಡ್ರಾ ಆಗಲೇ ಗಮನಿಸಿದ್ದು. ಅದು ಸಿಟ್ಟಿನ ಕೆಂಪಲ್ಲ. ಇವರಿಗೂ ತನ್ನ ಹಾಗೇ ಸುಸ್ತಾಗಿದೆ.

"ನಂಗೆ ಯಾರೂ ಹೇಳಿಕೊಟ್ಟಿರ್ಲಿಲ್ಲ ಮಾರ್ನಿ" ಎಂದ ಅಪ್ಪ ಮೆಲ್ಲಗೆ. "ದಾರ ಎಷ್ಟುದ್ದ ತಗೋಬೇಕು?"

"ಬೆರಳ ತುದಿಯಿಂದ ಮೊಣಕೈವರೆಗೆ."

"ಈ ನೀಲಿ ಬಾಟ್ಲಿ?"

"ಅದು ಬೇರೆ ಹೊತ್ತಲ್ಲಿ. ಬ್ರಷ್ ಆದ್ಮೇಲೆ ಬರೀ ಉಗುಳೋದು."

ಅಪ್ಪ ತನ್ನ ದಪ್ಪ ಬೆರಳುಗಳಿಗೆ ದಾರ ಸುತ್ತಿ ಬಾಯಿಗಿಟ್ಟ. "ಅಯ್ಯಯ್ಯೋ!"

"ಟ್ರಕ್ ಎಳೀತಿದೀಯೇನೋ? ಮೆಲ್ಲಗೆ ಆಡಿಸು!" ಅಮ್ಮನ ದನಿಯಲ್ಲಿ ನಗು ಇತ್ತು.

"ನೀನಿಲ್ಲಿದ್ದು ನೋಡ್ಬೇಕಿತ್ತು, ನನ್ನ ಮೂತಿ ಹೇಗಾಗಿದೆ ಅಂತ" ಎಂದ ಅಪ್ಪ.

ಆಡ್ರಾ ಬ್ರಷ್ ಎತ್ತಿಕೊಂಡು ಹಿಂದಿನ ಹಲ್ಲಿನಿಂದ ಶುರುಮಾಡಿದಳು. ಮೇಲಿನ ಸಾಲು ಮುಗಿಯಿತು, ಕೆಳಗಿನದೂ ಮುಗಿಯಿತು. ಇನ್ನು ಉಗುಳಿದರೆ ಮಲಗುವುದೇ. ಅವರಿಬ್ಬರೂ ಜಗಳವಿಲ್ಲದೆ ಇನ್ನೂ ಮಾತಾಡುತ್ತಿದ್ದರು. ಆಡ್ರಾ ಬಾಯಿ ತುಂಬ ನೊರೆ ಇಟ್ಟುಕೊಂಡು, ಮತ್ತೆ ಹಿಂದಿನ ಹಲ್ಲಿನಿಂದ ನಿಧಾನವಾಗಿ ಉಜ್ಜತೊಡಗಿದಳು.