ಕ್ಯಾಮೆರಾ ಮುಂದಿನ ಮನೆ

“ಅಮ್ಮನ್ನ ನೆನಪಿಸ್ಕೊಳ್ಳಿ... ಅವರಿಗೆ ಸ್ವಂತ ಮನೆ ಸಿಕ್ತು ಅಂದ್ಕೊಳ್ಳಿ.”

ಕ್ಯಾಮೆರಾ ಹಿಡಿದಿದ್ದ ಸಾತ್ವಿಕ ಹಾಗೆಂದದ್ದೇ ತಡ, ಶಿವಕಾಂತಾಳ ಕಣ್ಣು ತುಂಬಿ ಬಂತು. ಯಾದಗಿರಿಯಿಂದ ಪುಣೆಗೆ ದುಡಿಯಲು ಬಂದ ಅವ್ವ ತಗಡಿನ ಗುಡಿಸಲಲ್ಲೇ ತೀರಿಕೊಂಡದ್ದನ್ನು ಅವಳೇ ಬೆಳಿಗ್ಗೆ ಅವನಿಗೆ ಹೇಳಿದ್ದಳು.

ಪುಣೆಯ ಮಗರಪಟ್ಟಾದಲ್ಲಿ ಇಟ್ಟಿಗೆ ಹೊರುತ್ತಿದ್ದವಳನ್ನು ಸಿನಿಮಾ ಶೂಟಿಂಗ್ ಎಂದು ಕರೆತಂದಿದ್ದರು. ದೊಡ್ಡ ನಟನೊಬ್ಬ ಅವಳಿಗೆ ಮನೆಯ ಬೀಗದ ಕೈ ಕೊಡುವ ದೃಶ್ಯ.

“ಇದು ಖರೇನ ಸಿನಿಮಾ ಅದ ಏನ್ರಿ?”

“ಸಿನಿಮಾನೇ. ಹೆದರ್ಬೇಡಿ, ನಾನಿದ್ದೀನಲ್ಲ,” ಎಂದು ನಕ್ಕ ಆ ಮೈಸೂರಿನ ಹುಡುಗ.

ಆ ನಗುವಿಗೆ ನಮ್ಮ ಹುಡುಗಿ ಸೋತೇ ಹೋದಳು! ಆಮೇಲೆ ಹದಿನೈದು ದಿನ ಸಂಜೆ ಚಹಾ, ಗಂಟೆಗಟ್ಟಲೆ ಫೋನು... ಪ್ರೀತಿಗೆ ಇನ್ನೇನು ಬೇಕು ಹೇಳಿ?

ಅಷ್ಟರಲ್ಲಿ ಲೋಕಸಭೆ ಚುನಾವಣೆ ಬಂತು. ಆ ನಟನೇ ಅಭ್ಯರ್ಥಿ. ಅವನ ಪ್ರಚಾರದ ವಿಡಿಯೋ ಆಗಿ ಎಲ್ಲರ ಮೊಬೈಲಿನಲ್ಲೂ ಇವಳದೇ ಅಳು: “ಅಣ್ಣಾ, ನಮಗ ಮನಿ ಕೊಟ್ರಿ...”

ಗುಡಿಸಲು ಖಾಲಿ ಮಾಡಿ ಎಂದು ಅವಳ ಕೇರಿಯ ಎಲ್ಲರಿಗೂ ನೋಟಿಸು ಬಂದಿದ್ದ ವಾರವದು.

“ನಮ್ಮನ್ನ ಮಾರಿ ನೀ ಮನಿ ತಗೊಂಡಿ,” ಎಂದಳು ಪಕ್ಕದ ಯಂಕವ್ವ. ಅಪ್ಪ ಹುಲಿಗೆಪ್ಪನೂ ನಂಬಿಬಿಟ್ಟ. ಮಗಳು ಬಡಿದ ರೊಟ್ಟಿ ಮುಟ್ಟಲಿಲ್ಲ, ಮಾತೂ ಆಡಲಿಲ್ಲ.

ಸಾತ್ವಿಕನ ಫೋನು ಸ್ವಿಚ್ ಆಫ್.

‘ಅವನಿಗೆ ಎಲ್ಲಾ ಗೊತ್ತಿತ್ತು... ನನ್ನ ಅವ್ವನನ್ನೂ ಮಾರಿಕೊಂಡ.’ ಅನ್ನ ಸೇರದೆ ಅವಳು ಒಣಗಿ ಹೋದಳು.

ಜೆಸಿಬಿ ಎಲ್ಲವನ್ನೂ ಕೆಡವಿ ಹೋದ ಮಧ್ಯಾಹ್ನ ಅವನು ಬಂದ. ಹುಲಿಗೆಪ್ಪನ ಮುಂದೆ ಫೋನು ಹಿಡಿದ. ಕತ್ತರಿ ಹಾಕುವ ಮುಂಚಿನ ಶೂಟಿಂಗ್ ಅದು. ಶಿವಕಾಂತಾ ಕೇಳಿದ ಪ್ರಶ್ನೆ, ಅವನು ಕೊಟ್ಟ ಉತ್ತರ, ಎಲ್ಲರಿಗೂ ಕೇಳಿಸಿತು.

“ನಿಮ್ಮ ಮಗಳಿಗೆ ಏನೂ ಗೊತ್ತಿರ್ಲಿಲ್ಲ. ನನಗೂ ಅವತ್ತು ಗೊತ್ತಿರ್ಲಿಲ್ಲ. ಇದು ಚುನಾವಣೆ ಪ್ರಚಾರಕ್ಕೆ ಅಂತ ಎಡಿಟಿಂಗ್ ಮಾಡುವಾಗ ಗೊತ್ತಾಯ್ತು. ಕೆಲಸ ಹೋಗುತ್ತೆ ಅಂತ ಬಾಯಿ ಮುಚ್ಕೊಂಡೆ. ಇವತ್ತು ಇದನ್ನ ಪೇಪರ್‌ನವರಿಗೆ ಕೊಟ್ಟೆ. ಕೆಲಸನೂ ಹೋಯ್ತು.”

ಹುಲಿಗೆಪ್ಪ ಅವನ ಕೆನ್ನೆಗೆ ಬಾರಿಸಿದ. ಆಮೇಲೆ ಮಗಳ ತಲೆ ಮೇಲೆ ಕೈಯಿಟ್ಟು, “ತಪ್ಪಾತು ನನ್ನವ್ವಾ,” ಎಂದು ಬಿಕ್ಕಿ ಬಿಕ್ಕಿ ಅತ್ತ.

ಶಿವಕಾಂತಾ ಸಾತ್ವಿಕನತ್ತ ತಿರುಗಿದಳು.

“ಮನಿ ಬೀಳೂಕಿಂತ ಮೊದ್ಲ ಯಾಕ ಬರಲಿಲ್ರಿ?”

“ಹೆದರಿದ್ದೆ.”

“ಈಗ?”

“ಈಗ್ಲೂ ಹೆದರಿಕೆನೇ. ನೀವು ಹೋಗು ಅಂದ್ರೆ ಅಂತ... ನಿಮ್ಮನ್ನ ಪ್ರೀತಿಸ್ತೀನಿ ಶಿವಕಾಂತಾ. ಕ್ಷಮಿಸ್ಬೇಡಿ. ಆದ್ರೆ ಕಳಿಸ್ಬೇಡಿ.”

ಅವಳಿಗೆ ಅವನ ಮೇಲೆ ಸಿಟ್ಟಿತ್ತು, ಕೆಟ್ಟ ಸಿಟ್ಟು. ಅವನು ಮತ್ತೆ ಬಂದನಲ್ಲ ಎಂದು ಜೀವ ತಣ್ಣಗೂ ಆಗಿತ್ತು. ಎರಡೂ ನಿಜವೇ.

“ನಾವು ನಾಳೆ ಸಾಸವಡ ಕಡೆ ಕೆಲಸಕ್ಕ ಹೊಂಟೀವಿ. ಅಲ್ಲೂ ತಗಡಿನ ಗುಡಿಸಲಾನ.”

“ಬರ್ತೀನಿ.”

“ಅಪ್ಪ ಮತ್ತ ಹೊಡೀತಾನ.”

“ಹೊಡೀಲಿ.”

ಅವಳು ಮಣ್ಣಿನಡಿ ಸಿಕ್ಕಿದ್ದ ತಗಡನ್ನು ಎಳೆದು, ಒಂದು ತುದಿಯನ್ನು ಅವನ ಕಡೆ ಚಾಚಿದಳು.

“ಹಂಗಾರ ಹಿಡೀರಿ. ಸಾವಕಾಶ... ಕೈ ಕೊಯ್ಕೊಂಡೀರಿ.”