ಮಹಡಿ ನುಂಗಿದ ಆಕಾಶ

ಈ ಕತೆಯಲ್ಲಿ ಒಂದೇ ಒಂದು ಸುಳ್ಳಿದ್ದರೂ ನನ್ನ ಮನೆಯ ತೆರಿಗೆ ದುಪ್ಪಟ್ಟಾಗಲಿ.

ನಾಟಕಗಳಿಗೆ ಪರದೆ ಬರೆಯುವವನ ಮನೆಗೆ ನಗರಸಭೆಯ ನೋಟಿಸು ಬಂತು. ಮೇಲಿನ ಮಹಡಿ ಇದುವರೆಗೂ ದಾಖಲೆಗೆ ಬಂದಿಲ್ಲ, ಸೋಮವಾರ ಹನ್ನೊಂದಕ್ಕೆ ತಪಾಸಣೆ, ಮಹಡಿ ಇದ್ದರೆ ಮನೆ ತೆರಿಗೆ ಎರಡರಷ್ಟು. ಅಷ್ಟು ಓದುವಷ್ಟರಲ್ಲೇ ಅವನ ರಕ್ತ ಕುದಿಯಿತು. ಹೆಂಡತಿ ಮಾತ್ರ ತಣ್ಣಗೆ ತೀರ್ಪು ಕೊಟ್ಟಳು.

“ತೆರಿಗೆ ಏರಿದ್ರೆ ಮಹಡೀನ ಬಾಡಿಗೆಗೆ ಕೊಡೋಣ ಕಣ್ರೀ. ಅಮ್ಮ ಕೆಳಗೆ ಬರ್ಲಿ, ನಿಮ್ಮ ಬಣ್ಣದ ಕೋಣೆಗೆ.”

ಬಣ್ಣದ ಕೋಣೆ! ಇಪ್ಪತ್ತೆರಡು ವರ್ಷಗಳಿಂದ ಕಾಡು, ಅರಮನೆ, ಜೈಲು ಎಲ್ಲ ಹುಟ್ಟಿದ್ದು ಅಲ್ಲೇ. ಅಲ್ಲಿ ಎಂಬತ್ತರ ಅತ್ತೆಯ ಗೊರಕೆ ಬಿಡಾರ ಹೂಡುವುದೇ? ನೋಟಿಸನ್ನು ಮಗುಚಿ, ಅದರ ಬೆನ್ನಿನ ಮೇಲೆಯೇ ನೀಲಿ ಸೀಮೆಸುಣ್ಣದಿಂದ ಮೋಡಗಳನ್ನು ಗೀಚತೊಡಗಿದ. ಸಿಕ್ಕ ಕಾಗದದ ಹಿಂಬದಿಯಲ್ಲೆಲ್ಲ ಚಿತ್ರ ಬರೆಯುವುದು ಅವನ ಹಳೆಯ ಚಾಳಿ. ವೈದ್ಯರ ಚೀಟಿಯ ಹಿಂದೆಯೂ ಅವನದೊಂದು ಹಡಗು ತೇಲುತ್ತಿತ್ತು.

ಮೋಡ ಮುಗಿಯುವಷ್ಟರಲ್ಲಿ ಅಪರಾಧ ಸಿದ್ಧವಾಗಿತ್ತು. ಮಹಡಿಯನ್ನು ಕೆಡವಬೇಕಿಲ್ಲ, ಆಕಾಶ ಮಾಡಿದರೆ ಸಾಕು.

ಅಕ್ಕಪಕ್ಕದ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿದ್ದವು; ಮುಚ್ಚಬೇಕಾದದ್ದು ಬೀದಿಯ ಕಡೆಯ ಮುಖವೊಂದೇ. ನಾಲ್ಕು ದಿನ ಬೆಳಿಗ್ಗೆ ಹನ್ನೊಂದಕ್ಕೆ ಬೀದಿಯಲ್ಲಿ ನಿಂತು ಆ ಹೊತ್ತಿನ ನೀಲಿಯನ್ನು ಬಟ್ಟಲಲ್ಲಿ ಕಲಸಿದ; ಅದನ್ನೇ ದೊಡ್ಡ ಪರದೆಗೆ ಬಳಿದು ಮಹಡಿಯ ಮುಖಕ್ಕೆ ಕಟ್ಟಿದ. ಸೂರ್ಯನನ್ನು ಬರೆಯಲಿಲ್ಲ, ಎರಡೆರಡು ಸೂರ್ಯ ಕಂಡರೆ ಎಂಥ ಅಧಿಕಾರಿಗೂ ಅನುಮಾನ ಬರುತ್ತದೆ. ಒಳಗಿನ ಮೆಟ್ಟಿಲಿಗೆ ಅಡ್ಡವಾಗಿ ಪುಸ್ತಕದ ಕಪಾಟು ಬರೆದ ಪರದೆ ಇಳಿಬಿಟ್ಟ. ಹೆಂಡತಿ ಎರಡು ಸಲ ಅದರಿಂದ ಪುಸ್ತಕ ತೆಗೆಯಲು ಹೋಗಿ ಉಗುರು ಮುರಿದುಕೊಂಡಳು. ಅವನಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿರಲಿಲ್ಲ.

ತಾಲೀಮೂ ನಡೆಯಿತು. ಅಧಿಕಾರಿಯ ಗೊಗ್ಗರು ದನಿಯನ್ನೂ ತಾನೇ ಹೊರಡಿಸಿದ.

“ಮಹಡಿ ಎಲ್ರೀ?”

“ಅಷ್ಟು ಭಾಗ್ಯ ನಮಗೆಲ್ಲಿ ಸಾರ್!”

ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಳಿಯಂದ್ರೇ, ನಾನೇನ್ ಮಾಡ್ಲಿ?”

“ನೀವು ಆಕಾಶದ ಹಿಂದೆ ಸದ್ದಿಲ್ಲದೆ ಕೂತಿರಿ ಅತ್ತೆ.”

“ಅಯ್ಯೋ, ಇಷ್ಟು ಬೇಗ ಮೇಲಕ್ಕೆ ಕಳಿಸ್ತಿದ್ದೀರಲ್ಲ!”

ಸೋಮವಾರ ಬಂದ ಅಧಿಕಾರಿಯ ದನಿ ಮಾತ್ರ ಗೊಗ್ಗರಾಗಿರಲಿಲ್ಲ, ಕೊಳಲಿನಂತಿತ್ತು. ಆತ ಒಳಗೆಲ್ಲ ಅಳೆದು, ಬೀದಿಗೆ ಬಂದು, ತಲೆಯೆತ್ತಿ ನೋಡಿ, “ಮಹಡಿ ಇಲ್ಲ” ಎಂದು ಬರೆದುಕೊಂಡ.

“ಮನೇಲಿ ವಯಸ್ಸಾದವರು ಯಾರಾದ್ರೂ ಇದ್ದಾರಾ?”

“ಇಲ್ಲ ಸಾರ್. ನಾನು, ನನ್ನ ಹೆಂಡ್ತಿ, ಇಬ್ಬರೇ.”

“ಸರಿಯಾಗಿ ಯೋಚ್ನೆ ಮಾಡಿ ಹೇಳಿ.”

“ಬೇಕಾದ್ರೆ ಬರ್ಕೊಡ್ತೀನಿ!” ಬರೆದೂ ಕೊಟ್ಟ, ಸಹಿಯ ಬಾಲಕ್ಕೆ ಎರಡು ಸುತ್ತು ಹೆಚ್ಚೇ ಹಾಕಿದ.

ಶಾಯಿ ಆರಿರಲಿಲ್ಲ. ಹಾರಿಬಂದ ಕಾಗೆಯೊಂದು ಆಕಾಶಕ್ಕೆ ಢಿಕ್ಕಿ ಹೊಡೆದು, ಮೋಡದ ಮೇಲಿಂದ ಜಾರಿ, ಅರ್ಧ “ಕಾ” ಎಂದಿತು. ಆಕಾಶ ಕಿಸಕ್ಕೆಂದಿತು. ಆಮೇಲೆ ಗಹಗಹಿಸಿತು. ಒಳಗಿನಿಂದ ಕಿಟಕಿ ತೆರೆದ ರಭಸಕ್ಕೆ ಪರದೆ ಕಳಚಿ ಬಿತ್ತು. ಮಹಡಿಯ ಕಿಟಕಿಯಲ್ಲಿ ಅತ್ತೆ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು.

ಅಧಿಕಾರಿ ಸಿಟ್ಟಾಗಲಿಲ್ಲ. ನೋಟಿಸು ಕೇಳಿ ಪಡೆದು, ಹಿಂದೆ ತಿರುಗಿಸಿ, ನೀಲಿ ಮೋಡವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿದ. ಮೋಡದಡಿಯಿಂದ ಸಣ್ಣ ಅಚ್ಚಿನ ಸಾಲೊಂದು ಎದ್ದುಬಂತು: ‘ಎಪ್ಪತ್ತೈದು ದಾಟಿದ ಹಿರಿಯರು ವಾಸವಿರುವ ಮನೆಗೆ, ಎಷ್ಟೇ ಮಹಡಿಗಳಿರಲಿ, ತೆರಿಗೆ ಪೂರ್ತಿ ಮಾಫಿ. ಹಿರಿಯರಿದ್ದಾರೆಂದು ತಪಾಸಣೆಯ ದಿನವೇ ತಿಳಿಸತಕ್ಕದ್ದು.’ “ಮಹಡಿ ಇದೆ,” ಎಂದು ಅಧಿಕಾರಿ ತಿದ್ದಿಕೊಂಡ. “ಹಿರಿಯರು ಇಲ್ಲ ಅಂತ ನೀವೇ ಬರ್ಕೊಟ್ಟಿದ್ದೀರಿ.” ಅತ್ತೆಯ ನಗು ಬೀದಿಯ ಕೊನೆಗೂ ಕೇಳಿಸಿತು. “ಅಳಿಯಂದ್ರೇ, ಬಣ್ಣದ ಕೋಣೇಲಿ ನನ್ನ ಮಂಚ ಯಾವ ಗೋಡೆಗೆ ಹಾಕ್ತೀರಿ?”